ಓದುಗರ ಪ್ರಶ್ನೆ: ಸೆಲ್ ಥೆರಪಿ, ಜೀನ್ ಥೆರಪಿ ಎಂ.ಎಸ್ಸಿ ಮಾಡೋದಾ, ಬೇಡ್ವಾ?

ಈ ಸಲ ಬಂದಿರೋ ಪತ್ರ, ಮೇಲ್, ವಾಟ್ಸಾಪ್ ಎಲ್ಲಾ ಮುಂದೆ ಹರಡಿಕೊಂಡು ಕೂತ್ರೆ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯ. ಸೆಲ್ ಥೆರಪಿ, ಜೀನ್ ಥೆರಪಿ (ಜೀವಕೋಶವನ್ನೋ ಜೀನನ್ನೋ ಔಷಧಿಯಾಗಿ ಕೊಡೋ ಚಿಕಿತ್ಸೆ) ಎಲ್ಲಿ ಓದೋದು, ಎಷ್ಟು ಖರ್ಚು, ಕೆಲಸ ಸಿಗುತ್ತಾ. ಆಶ್ಚರ್ಯ ಏನಿಲ್ಲ ಬಿಡಿ, 2023ರ ಅಕ್ಟೋಬರಲ್ಲಿ ಐಐಟಿ ಬಾಂಬೆ ಮತ್ತೆ ಟಾಟಾ ಮೆಮೋರಿಯಲ್ ಸೇರಿ ಮಾಡಿದ ನೆಕ್ಸ್‌ಕಾರ್19ಗೆ ಪರ್ಮಿಷನ್ ಸಿಕ್ತು, 2025ರ ಶುರುವಲ್ಲಿ ನಮ್ಮ ಬೆಂಗಳೂರಿನ ಇಮ್ಯುನೀಲ್ ಕಂಪನಿ ಕಾರ್ಟೆಮಿ ಅಂತ ತಂತು, ಎರಡೂ ಕಾರ್-ಟಿ ಚಿಕಿತ್ಸೆ, ಅಂದ್ರೆ ರೋಗದ ಜೊತೆ ಹೋರಾಡೋ ಬಿಳಿ ರಕ್ತಕಣಗಳಾದ ರೋಗಿಯ ಟಿ ಸೆಲ್‌ಗಳನ್ನೇ ಹೊರಗೆ ತೆಗೆದು ಜೀನ್ ಸೇರಿಸಿ ಕ್ಯಾನ್ಸರ್ ಮೇಲೆ ವಾಪಸ್ ಬಿಡೋದು. ಅದಾದ್ಮೇಲೆ ಬಯಾಲಜಿ ಓದ್ತಿರೋ ಪ್ರತಿ ಮನೆಲೂ ಇದೇ ಮಾತು. ಹಾಗಾಗಿ ಬಿ.ಫಾರ್ಮ್, ನರ್ಸಿಂಗ್ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ತಡ್ಕೊಳ್ಳಿ. ಹೆಸರು ಹಾಕ್ಬೇಡಿ ಅಂದವರೇ ಜಾಸ್ತಿ ಇದಾರೆ, ಅದಕ್ಕೆ ಎಲ್ಲರದ್ದೂ ಊರಷ್ಟೇ ಹಾಕಿದೀನಿ.

ನಾನು ಬಿ.ಎಸ್ಸಿ ಕೊನೇ ವರ್ಷ, ಬಯೋಟೆಕ್ನಾಲಜಿ ಮತ್ತೆ ಕೆಮಿಸ್ಟ್ರಿ. ಸೆಲ್ ಅಂಡ್ ಜೀನ್ ಥೆರಪಿ ಅಂತಲೇ ಎಂ.ಎಸ್ಸಿ ನಮ್ಮ ಕಡೆ ಇದ್ಯಾ? ಇಲ್ಲಾಂದ್ರೆ ಬರೀ ಬಯೋಟೆಕ್ನಾಲಜಿ ಎಂ.ಎಸ್ಸಿ ಮಾಡಿದ್ರೆ ಹಿಂದೆ ಬೀಳ್ತೀನಾ? (ದಾವಣಗೆರೆ)

ಬೀಳಲ್ಲ. ಇದನ್ನ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಕೋರ್ಸಿನ ಹೆಸರು ನೋಡಿ ಫೀಸ್ ಕಟ್ಟೋರು ಜಾಸ್ತಿ ಆಗಿದಾರೆ. ಹೆಸರಿಗೆ ಹತ್ತಿರ ಇರೋದು ಬೇಕಂದ್ರೆ ಬೆಂಗಳೂರಲ್ಲಿ ಮಣಿಪಾಲದವರ ರಿಜನರೇಟಿವ್ ಮೆಡಿಸಿನ್ ಸಂಸ್ಥೆ ಇದೆ, ಆ ವಿಷಯದಲ್ಲೇ ಎಂ.ಎಸ್ಸಿ ನಡೆಸ್ಕೊಂಡು ಬಂದಿದಾರೆ, ಈ ವರ್ಷದ ಸೀಟು ಫೀಸು ಫೋನ್ ಮಾಡಿ ಕೇಳ್ಕೊಳ್ಳಿ. ಅದು ಬಿಟ್ರೆ ಮೈಸೂರು, ಬೆಂಗಳೂರು, ಧಾರವಾಡ, ಶಂಕರಘಟ್ಟ ಎಲ್ಲಾ ಕಡೆ ಬಯೋಟೆಕ್ನಾಲಜಿ ಅಥವಾ ಅದರ ಅಕ್ಕಪಕ್ಕದ ಎಂ.ಎಸ್ಸಿಗಳು ಇವೆ, ಹೊರ ರಾಜ್ಯಕ್ಕೆ ಹೋಗೋಕೆ ರೆಡಿ ಇದ್ರೆ ಜಿಎಟಿ-ಬಿ ಬರೀರಿ, ಕೇಂದ್ರದ ಬಯೋಟೆಕ್ನಾಲಜಿ ಇಲಾಖೆ ದುಡ್ಡು ಕೊಡೋ ಎಂ.ಎಸ್ಸಿ ಸೀಟುಗಳು ಆ ಪರೀಕ್ಷೆ ಮೇಲೆ ಸಿಗ್ತವೆ, ಸ್ಟೈಪೆಂಡ್ ಕೂಡ ಇರುತ್ತೆ.

ಈಗ ಆರಿಸೋದು ಹೇಗೆ ಅಂತ. ಒಂದು ಕಾರ್-ಟಿ ಡೋಸ್ ಹೇಗೆ ತಯಾರಾಗುತ್ತೆ ಅಂತ ಸ್ವಲ್ಪ ತಾಳ್ಮೆಯಿಂದ ಓದಿ, ಉತ್ತರ ಅದರೊಳಗೇ ಇದೆ. ಆಸ್ಪತ್ರೇಲಿ ರೋಗಿಯನ್ನ ಅಫೆರೆಸಿಸ್ ಮಷಿನ್ನಿಗೆ ಕೂರಿಸಿ ರಕ್ತದಿಂದ ಬಿಳಿಕಣ ಮಾತ್ರ ತೆಗೀತಾರೆ, ಆ ಚೀಲ ಫ್ಯಾಕ್ಟರಿಗೆ ಬರುತ್ತೆ, ಅಲ್ಲಿ ಟಿ ಸೆಲ್ ಬೇರೆ ಮಾಡಿ, ಅವುಗಳ ಮೈಮೇಲಿರೋ ಸಿಡಿ3 ಸಿಡಿ28 ಅನ್ನೋ ಪ್ರೊಟೀನ್ ಮೂಲಕ ಅವನ್ನ ಎಬ್ಬಿಸಿ, ಲೆಂಟಿವೈರಸ್ (ಜೀನ್ ಹೊತ್ತೊಯ್ಯೋ ವೈರಸ್, ಇಂಥದ್ದಕ್ಕೆ ವೆಕ್ಟರ್ ಅಂತಾರೆ) ಮೂಲಕ ಜೀನ್ ಒಳಗೆ ಸೇರಿಸಿ, ಕೆಲವು ದಿನ ಬೆಳೆಸಿ, ತೊಳೆದು, ಲಿಕ್ವಿಡ್ ನೈಟ್ರೋಜನ್ ಆವಿಯಲ್ಲಿ ಫ್ರೀಜ್ ಮಾಡಿ ಆಸ್ಪತ್ರೆಗೆ ವಾಪಸ್. ಆ ಲೆಂಟಿವೈರಸ್ ಕೂಡ ಆಕಾಶದಿಂದ ಬೀಳಲ್ಲ, ಎಚ್‌ಇಕೆ293ಟಿ ಅನ್ನೋ ಸೆಲ್‌ಗಳಿಗೆ ಪ್ಲಾಸ್ಮಿಡ್ ಅನ್ನೋ ಡಿಎನ್ಎ ಉಂಗುರ ಕೊಟ್ಟು ಇನ್ನೊಂದು ರೂಮಲ್ಲಿ ಯಾರೋ ತಯಾರಿಸಿರ್ತಾರೆ. ಇಷ್ಟರಲ್ಲಿ ಹೊಸ ಜೀನ್ ಡಿಸೈನ್ ಮಾಡೋ ಕೆಲಸ ಎಷ್ಟು ಜನಕ್ಕೆ ಅಂತೀರ? ಬೆರಳೆಣಿಕೆ. ಮಿಕ್ಕಿದ್ದೆಲ್ಲಾ ಸೆಲ್ ಬೆಳೆಸೋದು, ಅಳೆಯೋದು, ಬರೆದಿಡೋದು. ಕೊರತೆ ಇರೋದೂ ಅಲ್ಲೇ. ಜೀನ್ ಎಡಿಟಿಂಗ್ ಬಗ್ಗೆ ಸೆಮಿನಾರ್ ಕೊಡೋಕೆ ನೂರು ಜನ ಬರ್ತಾರೆ, ಕೈಲಿ ಸೆಲ್ ಕಲ್ಚರ್ ಮಾಡಿ, ಅಂದ್ರೆ ಲ್ಯಾಬಲ್ಲಿ ಸೆಲ್ ಬೆಳೆಸಿ, ಕಂಟಾಮಿನೇಷನ್ ಆಗ್ದಂಗೆ ಒಂದು ತಿಂಗಳು ಕಾಪಾಡ್ಕೊಂಡವರು ಅಂತ ಕೇಳಿದ್ರೆ ರೂಮ್ ಖಾಲಿ.

ಅದಕ್ಕೆ ನೀವು ಎಂ.ಎಸ್ಸಿಗೆ ಸೇರೋ ಮುಂಚೆ ಆ ಡಿಪಾರ್ಟ್‌ಮೆಂಟಿಗೆ ಒಂದ್ಸಲ ಹೋಗಿ ಬನ್ನಿ, ಪ್ರಾಸ್ಪೆಕ್ಟಸ್ ಬಿಟ್ಟು ಸೀನಿಯರ್‌ಗಳನ್ನ ಕ್ಯಾಂಟೀನಲ್ಲಿ ಹಿಡೀರಿ. ಶುದ್ಧ ಗಾಳಿ ಬೀಸೋ ಸೆಲ್ ಕಲ್ಚರ್ ಹುಡ್‌ನಲ್ಲಿ ನಿಮ್ಮ ಕೈ ಹೋಗುತ್ತಾ ಅಥವಾ ಮೇಷ್ಟ್ರು ಮಾಡೋದನ್ನ ಮೂವತ್ತು ಜನ ಸುತ್ತ ನಿಂತು ನೋಡೋದಾ, ಸೆಲ್ ಒಂದೊಂದನ್ನೇ ಎಣಿಸಿ ಗುರುತಿಸೋ ಫ್ಲೋ ಸೈಟೋಮೀಟರ್ ಇದ್ಯಾ, ಇದ್ರೆ ಕೆಲಸ ಮಾಡುತ್ತಾ ಇಲ್ಲಾ ಬಟ್ಟೆ ಹೊದ್ದು ಕೂತಿದ್ಯಾ, ಕೊನೇ ಸೆಮಿಸ್ಟರ್ ಪ್ರಾಜೆಕ್ಟ್ ಹೊರಗಿನ ಲ್ಯಾಬಲ್ಲಿ ಆರು ತಿಂಗಳು ಮಾಡೋಕೆ ಬಿಡ್ತಾರಾ. ಈ ಕೊನೇದಂತೂ ತುಂಬಾ ಮುಖ್ಯ. ಬೆಂಗಳೂರಿನ ಜಿಕೆವಿಕೆ ಕ್ಯಾಂಪಸ್ಸಲ್ಲಿರೋ ಇನ್‌ಸ್ಟೆಮ್, ಎನ್‌ಸಿಬಿಎಸ್ ಅನ್ನೋ ಸಂಶೋಧನಾ ಸಂಸ್ಥೆಗಳು, ಆಮೇಲೆ ಐಐಎಸ್ಸಿ, ವೆಲ್ಲೂರಿನ ಸಿಎಂಸಿಯಲ್ಲಿರೋ ಸ್ಟೆಮ್ ಸೆಲ್ ಸಂಶೋಧನಾ ಕೇಂದ್ರ, ಇಂಥ ಕಡೆ ಆರು ತಿಂಗಳು ಬೆಂಚಲ್ಲಿ ನಿಂತು ಬಂದ್ರೆ ನಿಮ್ಮ ಡಿಗ್ರಿ ಮೇಲೆ ಯಾವ ಯೂನಿವರ್ಸಿಟಿ ಸೀಲಿದೆ ಅನ್ನೋದು ಎರಡನೇ ಮಾತು. ಪ್ರೊಫೆಸರ್‌ಗಳಿಗೆ ಮೇಲ್ ಹಾಕಿ, ಹತ್ತು ಹಾಕಿದ್ರೆ ಒಬ್ಬರು ಉತ್ತರ ಕೊಡ್ತಾರೆ, ಬೇಜಾರಾಗ್ಬೇಡಿ, ಎಲ್ಲರಿಗೂ ಹಂಗೇ. ರಾಜ್ಯ ಸರ್ಕಾರದ ಬೈಸೆಪ್ ಅನ್ನೋ ಒಂದು ವರ್ಷದ ಪಿಜಿ ಡಿಪ್ಲೊಮಾನೂ ಇದೆ, ಕಂಪನಿ ಇಂಟರ್ನ್‌ಶಿಪ್ ಸೇರಿಸಿ ಮಾಡಿರೋದು, ಯಾವ ಕಾಲೇಜಲ್ಲಿ ಸೆಲ್ ಕಲ್ಚರ್ ಕಡೆಯ ವಿಷಯ ಇದೆ ಅಂತ ನೋಡಿ.

ಇಮ್ಯುನಾಲಜಿ ಮಾತ್ರ ಯಾವ ಕೋರ್ಸಲ್ಲಿದ್ರೂ ಬಿಡ್ಬೇಡಿ. ನಮ್ಮಲ್ಲಿ ಅದನ್ನ ಪರೀಕ್ಷೆಗೆ ಮೂರು ದಿನ ಮುಂಚೆ ಓದೋ ಪೇಪರ್ ಮಾಡ್ಬಿಟ್ಟಿದೀವಿ.

ಇಂಟರ್ನ್‌ಶಿಪ್ ಇಂಟರ್ವ್ಯೂನಲ್ಲಿ ಸೆಲ್ ಥೆರಪಿಗೂ ಜೀನ್ ಥೆರಪಿಗೂ ಏನು ವ್ಯತ್ಯಾಸ ಅಂತ ಕೇಳಿದ್ರು, ನಾನು ಎರಡೂ ಒಂದೇ ಅಂದೆ, ಮುಖ ಸಪ್ಪೆ ಮಾಡ್ಕೊಂಡ್ರು. ಏನು ಹೇಳ್ಬೇಕಿತ್ತು? (ಚಿತ್ರದುರ್ಗ)

ಪೂರ್ತಿ ತಪ್ಪೇನಲ್ಲ, ಅರ್ಧಕ್ಕೆ ನಿಲ್ಲಿಸಿದ್ರಿ ಅಷ್ಟೇ. ಒಂದೇ ಕಾಯಿಲೆ ಇಟ್ಕೊಂಡು ಹೇಳಿದ್ರೆ ಸಲೀಸು, ಹಿಮೋಫಿಲಿಯಾ ತಗೊಳ್ಳಿ, ರಕ್ತ ಹೆಪ್ಪುಗಟ್ಟೋಕೆ ಬೇಕಾದ ಪ್ರೊಟೀನ್ ಮೈಯಲ್ಲಿ ತಯಾರಾಗಲ್ಲ. ಅಮೆರಿಕದಲ್ಲಿ 2022ರ ನವೆಂಬರಲ್ಲಿ ಹೆಮ್‌ಜೆನಿಕ್ಸ್‌ಗೆ ಒಪ್ಪಿಗೆ ಸಿಕ್ತು, ಇದು ಹಿಮೋಫಿಲಿಯಾ ಬಿಗೆ, ಎಎವಿ ಅನ್ನೋ ವೈರಸ್ಸಿನ ಖೋಲಿನಲ್ಲಿ ಫ್ಯಾಕ್ಟರ್ 9ರ ಜೀನ್ ತುಂಬಿ ಡ್ರಿಪ್ ಹಾಕ್ತಾರೆ, ಅದು ಸೀದಾ ಲಿವರಿಗೆ ಹೋಗಿ ಅಲ್ಲಿ ಕೆಲಸ ಶುರು ಮಾಡುತ್ತೆ. ಸೆಲ್ ಯಾವುದೂ ಹೊರಗೆ ಬರಲೇ ಇಲ್ಲ, ಇದು ಇನ್ ವಿವೋ ಜೀನ್ ಥೆರಪಿ. ಬೆಲೆ 35 ಲಕ್ಷ ಡಾಲರ್, ಕೇಳಿ ಗಾಬರಿಯಾಗ್ಬೇಡಿ. ವೆಲ್ಲೂರಿನ ಸಿಎಂಸಿಯವರು ಹಿಮೋಫಿಲಿಯಾ ಎಗೆ ಬೇರೆ ದಾರಿ ಹಿಡಿದ್ರು, ಅಮೆರಿಕದ ಎಮೊರಿ ಯೂನಿವರ್ಸಿಟಿ ಜೊತೆ ಸೇರ್ಕೊಂಡು, ರೋಗಿಯದ್ದೇ ರಕ್ತದ ಸ್ಟೆಮ್ ಸೆಲ್ (ಎಲ್ಲಾ ರಕ್ತಕಣಗಳೂ ಹುಟ್ಟೋ ಮೂಲ ಸೆಲ್) ಹೊರಗೆ ತೆಗೆದು ಲ್ಯಾಬಲ್ಲಿ ಲೆಂಟಿವೈರಸ್‌ನಿಂದ ಫ್ಯಾಕ್ಟರ್ 8ರ ಜೀನ್ ಸೇರಿಸಿ ವಾಪಸ್ ಹಾಕಿದ್ರು, ಐದು ಜನ ರೋಗಿಗಳು, ಚಿಕಿತ್ಸೆ ಆದ್ಮೇಲೆ ಅವರನ್ನ ಗಮನಿಸಿದ ಅವಧಿಯಲ್ಲಿ ಯಾರಿಗೂ ರಕ್ತಸ್ರಾವ ಆಗ್ಲಿಲ್ಲ ಅಂತ 2024ರ ಡಿಸೆಂಬರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಇದು ಎಕ್ಸ್ ವಿವೋ, ಇಲ್ಲಿ ಜೀನೂ ಇದೆ ಸೆಲ್ಲೂ ಇದೆ, ಎರಡೂ ಥೆರಪಿ ಕೂಡೋ ಜಾಗ ಇದೇ, ಕಾರ್-ಟಿನೂ ಇದೇ ಗುಂಪು. ಇನ್ನು ಜೀನೇ ಮುಟ್ಟದ ಸೆಲ್ ಥೆರಪಿ ಅಂದ್ರೆ ನಮ್ಮ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಮಾಡಿರೋದು, ದಾನಿಗಳ ಬೋನ್ ಮ್ಯಾರೋದಿಂದ ಬೆಳೆಸಿದ ಸೆಲ್‌ಗಳನ್ನ ಮಂಡಿ ಸವೆತಕ್ಕೆ ಇಂಜೆಕ್ಷನ್ ಕೊಡೋದು, 2022ರಲ್ಲಿ ಅನುಮತಿ ಸಿಕ್ಕಿದ್ದು.

ಹಿಂಗೆ ಹೇಳಿದ್ರೆ ಮುಂದಿನ ಪ್ರಶ್ನೆ ಗ್ಯಾರಂಟಿ ಬರುತ್ತೆ, ಲಿವರಿಗೆ ಎಎವಿ ಯಾಕೆ, ಸ್ಟೆಮ್ ಸೆಲ್ಲಿಗೆ ಲೆಂಟಿ ಯಾಕೆ ಅಂತ. ಲೆಂಟಿವೈರಸ್ ಜೀನನ್ನ ಕ್ರೋಮೋಸೋಮಿನ ಒಳಗೇ ಸೇರಿಸಿಬಿಡುತ್ತೆ, ಸೆಲ್ ಒಂದು ಎರಡಾಗಿ ಎರಡು ನಾಲ್ಕಾದ್ರೂ ಜೀನ್ ಜೊತೆಗೇ ಹೋಗುತ್ತೆ. ಎಎವಿ ತಂದ ಜೀನ್ ಬಹುಪಾಲು ಹೊರಗೇ ತೇಲ್ಕೊಂಡಿರುತ್ತೆ, ಸೆಲ್ ಒಡೀತಾ ಹೋದಂಗೆ ಕರಗುತ್ತೆ, ಅದಕ್ಕೆ ಹೆಚ್ಚು ಒಡೆಯದ ಲಿವರ್, ಕಣ್ಣು, ನರದ ಸೆಲ್‌ಗಳಿಗೆ ಅದು. ಅಂದಹಾಗೆ ನಿಮ್ಮ ಪಕ್ಕದ ದಾವಣಗೆರೆಲೇ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ, ಒಂದು ದಿನ ಹೋಗಿ ಕೂತು ಮಾತಾಡಿಸ್ಕೊಂಡು ಬನ್ನಿ, ಫ್ಯಾಕ್ಟರ್ ಇಂಜೆಕ್ಷನ್ನಿಗೆ ಅಲೆಯೋ ಮನೆಗಳ ಕಥೆ ಕೇಳಿದ್ಮೇಲೆ ಈ ಪಾಠ ಬಾಯಿಪಾಠ ಮಾಡೋದೇ ಬೇಕಾಗಲ್ಲ.

ಮಗಳು ಬಿ.ಇ ಬಯೋಟೆಕ್ನಾಲಜಿ ಮುಗಿಸಿದಾಳೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸೆಲ್ ಅಂಡ್ ಜೀನ್ ಥೆರಪಿ ಎಂ.ಎಸ್ಸಿಗೆ ಸೀಟು ಬಂದಿದೆ, ಒಂದು ವರ್ಷ. 50 ಲಕ್ಷದ ಮೇಲೆ ಬೇಕು ಅಂತಾಳೆ. ತೋಟದ ಮೇಲೆ ಸಾಲ ಮಾಡ್ಲಾ? (ತರೀಕೆರೆ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರು)

ಯಜಮಾನ್ರೇ, ಮೊದಲು ಮಗಳಿಗೆ ನನ್ನ ಕಡೆಯಿಂದ ಶಹಭಾಸ್ ಹೇಳಿ. ಆ ಸೀಟು ಸುಮ್ನೆ ದುಡ್ಡು ಕೊಟ್ರೆ ಸಿಗೋದಲ್ಲ. ಅಲ್ಲಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆ ಮತ್ತೆ ಈ ಕಾಲೇಜು ಜೊತೆಯಾಗಿ ಕೆಲಸ ಮಾಡ್ತವೆ, 2015ರಲ್ಲಿ ಯಾವ ಔಷಧಿಗೂ ಬಗ್ಗದ ಲ್ಯುಕೇಮಿಯಾ ಇದ್ದ ಒಂದು ವರ್ಷದ ಮಗುವಿಗೆ ಬೇರೆಯವರ ಟಿ ಸೆಲ್‌ಗಳನ್ನ ಜೀನ್ ಎಡಿಟ್ ಮಾಡಿ ಕೊಟ್ಟಿದ್ದು ಅಲ್ಲೇ, 2022ರಲ್ಲಿ 13 ವರ್ಷದ ಹುಡುಗಿಗೆ ಬೇಸ್ ಎಡಿಟಿಂಗ್ (ಡಿಎನ್ಎಯ ಒಂದೊಂದೇ ಅಕ್ಷರ ಬದಲಿಸೋದು) ಮಾಡಿದ ಸೆಲ್ ಕೊಟ್ಟಿದ್ದೂ ಅಲ್ಲೇ. ಅದೇ ಕಾಲೇಜಿನಿಂದ ಹೊರಟ ಆಟೋಲಸ್ ಅನ್ನೋ ಕಂಪನಿಯ ಕಾರ್-ಟಿಗೆ 2024ರ ನವೆಂಬರಲ್ಲಿ ಅಮೆರಿಕದ ಒಪ್ಪಿಗೆ ಬಂತು, ಅದನ್ನ ತಯಾರಿಸೋದು ಲಂಡನ್ನಿನ ಉತ್ತರಕ್ಕಿರೋ ಸ್ಟೀವನೇಜ್ ಅನ್ನೋ ಊರಲ್ಲಿ. ಕಲಿಯೋ ಜಾಗ ಅಂತ ನೋಡಿದ್ರೆ ಅನುಮಾನವೇ ಬೇಡ.

ಅನುಮಾನ ಇರೋದು ಸಾಲದ ಮೇಲೆ. 50 ಲಕ್ಷ, ಹತ್ತೂವರೆ ಪರ್ಸೆಂಟ್ ಬಡ್ಡಿ, ಹತ್ತು ವರ್ಷ ಅಂತ ಹಿಡಿದ್ರೆ ತಿಂಗಳಿಗೆ ಸುಮಾರು 67 ಸಾವಿರ ಕಂತು. ಮಗಳು ವಾಪಸ್ ಬಂದು ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ್ರೆ ಮೊದಮೊದಲ ಸಂಬಳದಲ್ಲಿ ಈ ಕಂತು ಕಟ್ಟಿ ಪಿಜಿ ಬಾಡಿಗೆ ಕೊಟ್ಟು ಬದುಕೋದು ಆಗದ ಮಾತು, ಇದು ಸಾಫ್ಟ್‌ವೇರ್ ಅಲ್ಲ. ಹಂಗಾಗಿ ಈ ಲೆಕ್ಕ ನಿಲ್ಲೋದು ಅಲ್ಲೇ ಕೆಲಸ ಸಿಕ್ಕಿದ್ರೆ ಮಾತ್ರ. ಬ್ರಿಟನ್ನಿನಲ್ಲಿ ಓದು ಮುಗಿದ್ಮೇಲೆ ಕೆಲಸ ಹುಡುಕೋಕೆ ಕೊಡೋ ಗ್ರಾಜುಯೇಟ್ ವೀಸಾ ಎರಡು ವರ್ಷ ಇದ್ದಿದ್ದು 2027ರ ಜನವರಿ 1ರಿಂದ ಅರ್ಜಿ ಹಾಕೋರಿಗೆ 18 ತಿಂಗಳು, ಆಮೇಲೆ ಉಳೀಬೇಕಂದ್ರೆ ಸ್ಕಿಲ್ಡ್ ವರ್ಕರ್ ವೀಸಾ, ಅದಕ್ಕೆ 2025ರ ಜುಲೈನಲ್ಲಿ ಸಂಬಳದ ಮಿತಿಯನ್ನ ವರ್ಷಕ್ಕೆ 41,700 ಪೌಂಡಿಗೆ ಏರಿಸಿದ್ರು, ಹೊಸದಾಗಿ ಓದು ಮುಗಿಸಿದವರಿಗೆ ರಿಯಾಯಿತಿ ಇದೆ ಆದ್ರೂ 33,400 ಬೇಕು. ಕೊಡೋ ಕಂಪನಿಗಳು ಇಲ್ಲ ಅಂತಲ್ಲ, ಆದ್ರೆ ಕಾಲ ಸರಿಯಿಲ್ಲ. 2025 ಈ ಕ್ಷೇತ್ರಕ್ಕೆ ಕೆಟ್ಟ ವರ್ಷ. ಫೈಜರ್ ತನ್ನ ಹಿಮೋಫಿಲಿಯಾ ಜೀನ್ ಥೆರಪಿ ಮಾರೋದೇ ನಿಲ್ಲಿಸ್ತು, ತಗೊಳ್ಳೋರು ಇರ್ಲಿಲ್ಲ, ಜಪಾನಿನ ಟಕೆಡಾ, ಡೆನ್ಮಾರ್ಕಿನ ನೋವೋ ನಾರ್ಡಿಸ್ಕ್ ಎರಡೂ ಸೆಲ್ ಥೆರಪಿಯಿಂದ ಹೊರಗೆ ಹೋಗ್ತೀವಿ ಅಂದ್ವು, ಒಂದು ಕಾಲಕ್ಕೆ ಎಲ್ಲರ ಕಣ್ಣಲ್ಲಿದ್ದ ಬ್ಲೂಬರ್ಡ್ ಬಯೋ ಕಂಪನಿ ಚಿಲ್ಲರೆ ದುಡ್ಡಿಗೆ ಮಾರಾಟ ಆಯ್ತು. ವಿಜ್ಞಾನ ಸೋತಿದ್ದಕ್ಕಲ್ಲ, ಅವರ ಔಷಧಿಗಳು ಕೆಲಸ ಮಾಡ್ತಿದ್ವು, 20 ಲಕ್ಷ 30 ಲಕ್ಷ ಡಾಲರ್ ಬೆಲೆ ಇಟ್ಟು ವರ್ಷಕ್ಕೆ ಬೆರಳೆಣಿಕೆ ರೋಗಿಗಳಿಗೆ ಕೊಟ್ರೆ ಅಷ್ಟು ದೊಡ್ಡ ಫ್ಯಾಕ್ಟರಿ ಸಾಕೋಕೆ ಆಗಲ್ಲ. ಕೆಲಸ ಕಳ್ಕೊಂಡ ಅನುಭವಸ್ಥರೂ ಅದೇ ಮಾರ್ಕೆಟ್ಟಲ್ಲಿ ಇದಾರೆ, ನಿಮ್ಮ ಮಗಳು ಅವರ ಜೊತೆ ಸ್ಪರ್ಧೆ ಮಾಡ್ಬೇಕು.

ನನ್ನ ಮಾತು ಕೇಳೋದಾದ್ರೆ ಈ ವರ್ಷ ತೋಟ ಮುಟ್ಬೇಡಿ. ಸೀಟನ್ನ ಒಂದು ವರ್ಷ ಮುಂದಕ್ಕೆ ಹಾಕ್ತೀರಾ ಅಂತ ಕಾಲೇಜಿಗೆ ಬರೆದು ಕೇಳ್ಲಿ, ಆಗುತ್ತೆ ಅಂದ್ರೆ ಒಳ್ಳೇದು, ಆಗಲ್ಲ ಅಂದ್ರೂ ಇದೇ ಅಂಕಕ್ಕೆ ಮತ್ತೆ ಸೀಟು ಸಿಗೋ ಸಾಧ್ಯತೆ ಚೆನ್ನಾಗಿದೆ. ಅಷ್ಟರಲ್ಲಿ ಬೆಂಗಳೂರಲ್ಲೇ ಯಾವುದಾದ್ರೂ ಸೆಲ್ ಥೆರಪಿ ಅಥವಾ ಬಯೋಲಾಜಿಕ್ಸ್ (ಜೀವಕೋಶಗಳಿಂದ ತಯಾರಾಗೋ ಔಷಧಿ) ಕಂಪನೀಲಿ ಸೇರ್ಕೊಳ್ಳಲಿ, ಎರಡು ವರ್ಷದ ಅನುಭವ ಆದ್ರೆ ಚೆವನಿಂಗ್ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಬಹುದು, ಕಾಮನ್‌ವೆಲ್ತ್ ಸ್ಕಾಲರ್‌ಶಿಪ್ ಇದೆ, ಪರಿಶಿಷ್ಟ ಜಾತಿ ಪಂಗಡದ ಮಕ್ಕಳಿಗಾದ್ರೆ ನಮ್ಮ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಇದೆ, ಇದು ನಿಮಗೆ ಅನ್ವಯಿಸದೇ ಇದ್ರೂ ಓದ್ತಿರೋ ಬೇರೆಯವರಿಗೆ ಆಗ್ಲಿ ಅಂತ ಹೇಳ್ತಿದೀನಿ. ಹೋಗೋದೇ ಖಾಯಂ ಅಂದ್ರೆ ಮಗಳಿಗೆ ಒಂದು ವಿಷಯ ಹೇಳಿ, ಅದೇ ಕಾಲೇಜಿನ ಬಯೋಕೆಮಿಕಲ್ ಇಂಜಿನಿಯರಿಂಗ್ ವಿಭಾಗದಲ್ಲಿ ಸ್ಟೆಮ್ ಸೆಲ್ ಮತ್ತೆ ಜೀನ್ ಥೆರಪಿಗಳ ತಯಾರಿಕೆ, ಮಾರುಕಟ್ಟೆ ಬಗ್ಗೆನೇ ಇನ್ನೊಂದು ಎಂ.ಎಸ್ಸಿ ಇದೆ, ಬಿ.ಇ ಮಾಡಿದ ಹುಡುಗಿಗೆ ಅದು ಜಾಸ್ತಿ ಒಗ್ಗುತ್ತೆ ಅಂತ ನನ್ನ ಅಭಿಪ್ರಾಯ. ಐರ್ಲೆಂಡಿನ ಗಾಲ್ವೇನೂ ನೋಡ್ಲಿ, ಅಲ್ಲೂ ಸೆಲ್ ತಯಾರಿಕೆ ಬಗ್ಗೆ ಎಂ.ಎಸ್ಸಿ ನಡೆಸಿದಾರೆ, ಸ್ನಾತಕೋತ್ತರ ಮುಗಿಸಿದವರಿಗೆ ಕೆಲಸ ಹುಡುಕೋಕೆ ಎರಡು ವರ್ಷ ಕೊಡೋ ದೇಶ, ಖರ್ಚೂ ಲಂಡನ್ನಿನಷ್ಟಿಲ್ಲ.

ಮಗಳು ಬೇಜಾರು ಮಾಡ್ಕೊಂಡ್ರೆ ಈ ಪುಟ ತೋರಿಸಿ, ಬೈಗುಳ ನನಗೇ ಬರ್ಲಿ.

ನಂಜನಗೂಡಿನ ಔಷಧಿ ಫ್ಯಾಕ್ಟರೀಲಿ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಕೆಲಸ, ನಾಲ್ಕು ವರ್ಷ ಆಯ್ತು, ಎಂ.ಎಸ್ಸಿ ಮೈಕ್ರೋಬಯಾಲಜಿ. ಸೆಲ್ ಥೆರಪಿ ಕಡೆ ಹಾರ್ಬೇಕು ಅಂತ ಆಸೆ. ಮತ್ತೆ ಓದ್ಬೇಕಾ? (ಮೈಸೂರು)

ಬೇಡ ಮಾರಾಯ್ರೇ, ನೀವೇ ಬೇಕಾಗಿರೋರು! ಜಿಎಂಪಿ (ಔಷಧಿ ತಯಾರಿಕೆಯ ಗುಣಮಟ್ಟದ ನಿಯಮ) ಅಂದ್ರೇನು, ಬ್ಯಾಚ್ ರೆಕಾರ್ಡ್‌ನಲ್ಲಿ ತಪ್ಪು ಬರೆದ್ರೆ ವೈಟ್ನರ್ ಹಾಕ್ಬಾರ್ದು, ಒಂದು ಗೆರೆ ಎಳೆದು ಸಹಿ ಮಾಡಿ ತಾರೀಕು ಹಾಕ್ಬೇಕು ಅನ್ನೋದನ್ನ ಯಾವ ಎಂ.ಎಸ್ಸೀಲೂ ಕಲಿಸಲ್ಲ, ನಿಮಗೆ ಅದು ರಕ್ತದಲ್ಲಿ ಬಂದಿರುತ್ತೆ. ನೀವು ಹೊಸದಾಗಿ ಕಲಿಬೇಕಾಗಿರೋದು ಯೋಚಿಸೋ ರೀತಿ. ಮಾತ್ರೆ ಫ್ಯಾಕ್ಟರೀಲಿ ಒಂದು ಬ್ಯಾಚ್ ಅಂದ್ರೆ ಲಕ್ಷಗಟ್ಟಲೆ ಮಾತ್ರೆ, ಫೇಲಾದ್ರೆ ಸುಟ್ಟು ಹಾಕಿ ಇನ್ನೊಂದು ಮಾಡ್ತೀರ. ಇಲ್ಲಿ ಒಂದು ಬ್ಯಾಚ್ ಅಂದ್ರೆ ಒಬ್ಬ ಮನುಷ್ಯ. ಆ ಚೀಲದ ಮೇಲಿನ ಲೇಬಲ್ ಅದಲುಬದಲಾದ್ರೆ ಏನಾಗುತ್ತೆ ಯೋಚನೆ ಮಾಡಿ, ಅದಕ್ಕೆ ರೋಗಿಯ ತೋಳಿನಿಂದ ಹೊರಟು ವಾಪಸ್ ಅದೇ ತೋಳಿಗೆ ಸೇರೋವರೆಗೆ ಪ್ರತಿ ಕೈಬದಲಿಕೆಗೂ ಎರಡೆರಡು ಸಹಿ.

ಟೆಸ್ಟುಗಳೂ ಸ್ವಲ್ಪ ಬೇರೆ ಥರ. ನಿಮಗೆ ಗೊತ್ತಿರೋ ಸ್ಟೆರಿಲಿಟಿ ಟೆಸ್ಟ್ (ಸೂಕ್ಷ್ಮಜೀವಿ ಇಲ್ಲ ಅಂತ ಖಚಿತಪಡಿಸೋದು) 14 ದಿನ ತಗೊಳ್ಳುತ್ತೆ, ಮೈಕೋಪ್ಲಾಸ್ಮಾ ಅನ್ನೋ ಪುಟ್ಟ ಬ್ಯಾಕ್ಟೀರಿಯಾ ಹುಡುಕೋ ಕಲ್ಚರ್ ವಿಧಾನಕ್ಕೆ 28 ದಿನ, ಲ್ಯುಕೇಮಿಯಾ ರೋಗಿ ಅಷ್ಟು ದಿನ ಕಾಯೋ ಸ್ಥಿತೀಲಿ ಇರಲ್ಲ, ಅದಕ್ಕೆ ಬೇಗ ಫಲಿತಾಂಶ ಕೊಡೋ ಆಟೋಮೇಟೆಡ್ ಕಲ್ಚರ್, ಪಿಸಿಆರ್ ಇಂಥವನ್ನ ವ್ಯಾಲಿಡೇಟ್ ಮಾಡಿ ಬಳಸ್ತಾರೆ. ಜೊತೆಗೆ ಜೀವಂತ ಸೆಲ್ ಎಷ್ಟು ಪರ್ಸೆಂಟ್ ಅಂತ ನೋಡ್ಬೇಕು, ಸಾಮಾನ್ಯವಾಗಿ 70ಕ್ಕಿಂತ ಕಡಿಮೆ ಆಗ್ಬಾರ್ದು, ಒಂದು ಸೆಲ್ಲಿಗೆ ಸರಾಸರಿ ಎಷ್ಟು ವೆಕ್ಟರ್ ಕಾಪಿ ಹೋಗಿದೆ, ಎಂಡೋಟಾಕ್ಸಿನ್ ಅನ್ನೋ ಬ್ಯಾಕ್ಟೀರಿಯಾದ ವಿಷ ಇದ್ಯಾ, ತಾನಾಗೇ ಬೆಳೆಯೋ ಲೆಂಟಿವೈರಸ್ ಹುಟ್ಟಿಕೊಂಡಿಲ್ಲ ತಾನೇ. ಇದರಲ್ಲಿ ಅರ್ಧ ನಿಮಗೆ ಈಗಾಗಲೇ ಬರುತ್ತೆ. ಫ್ಲೋ ಸೈಟೋಮೆಟ್ರಿ ಮತ್ತೆ ಡಿಜಿಟಲ್ ಪಿಸಿಆರ್ ಶಾರ್ಟ್ ಕೋರ್ಸ್ ಒಂದೊಂದು ಮಾಡ್ಕೊಂಡು ಸಿವಿ ಕಳಿಸೋಕೆ ಶುರು ಮಾಡಿ. ಸಂಬಳ ಮೊದಲಿಗೆ ಈಗಿನದ್ದಕ್ಕಿಂತ ಭಾರೀ ಏನೂ ಏರಲ್ಲ, ನೈಟ್ ಶಿಫ್ಟ್ ಬರುತ್ತೆ, ಯಾಕಂದ್ರೆ ಸೆಲ್‌ಗಳಿಗೆ ಭಾನುವಾರ ಗೊತ್ತಾಗಲ್ಲ.

ಎಂ.ಎಸ್ಸಿ ಮುಗೀತು. ಬೆಂಗಳೂರಿನ ಒಂದು ಸ್ಟೆಮ್ ಸೆಲ್ ಕ್ಲಿನಿಕ್ಕಿನಲ್ಲಿ ಲ್ಯಾಬ್ ಕೆಲಸ ಕೊಡ್ತೀವಿ ಅಂದಿದಾರೆ, ಸಂಬಳ ಚೆನ್ನಾಗಿದೆ. ಆಟಿಸಂ, ಪಾರ್ಶ್ವವಾಯು, ಶುಗರ್ ಎಲ್ಲದಕ್ಕೂ ಇಂಜೆಕ್ಷನ್ ಕೊಡ್ತಾರಂತೆ. ಅನುಭವಕ್ಕೆ ಅಂತ ಸೇರಿಬಿಡ್ಲಾ? (ಹೊಸಪೇಟೆ)

ಸೇರ್ಬೇಡಿ. ಆಟಿಸಂಗೂ ಶುಗರ್‌ಗೂ ಪಾರ್ಶ್ವವಾಯುಗೂ ಒಂದೇ ಚೀಲದ ಇಂಜೆಕ್ಷನ್ ಅಂದ ಕೂಡ್ಲೇ ನಿಮಗೇ ಡೌಟ್ ಬಂದಿದೆ, ಅದಕ್ಕೇ ತಾನೇ ನನಗೆ ಬರೆದಿದ್ದು. ಐಸಿಎಂಆರ್ 2017ರ ಸ್ಟೆಮ್ ಸೆಲ್ ಮಾರ್ಗಸೂಚೀಲಿ ಸ್ಪಷ್ಟವಾಗಿದೆ, ರಕ್ತದ ಕಾಯಿಲೆಗಳಿಗೆ ಮಾಡೋ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಥರದ್ದು ಬಿಟ್ರೆ ಮಿಕ್ಕ ಸ್ಟೆಮ್ ಸೆಲ್ ಚಿಕಿತ್ಸೆ ಎಲ್ಲಾ ಕ್ಲಿನಿಕಲ್ ಟ್ರಯಲ್ ಒಳಗೇ ಆಗ್ಬೇಕು. ಟ್ರಯಲ್ ಅಂದ್ರೆ ರೋಗಿಯಿಂದ ಔಷಧಿಗೆ ದುಡ್ಡು ಕೇಳೋ ಹಂಗಿಲ್ಲ. ಆ ಕ್ಲಿನಿಕ್ಕಿನವರನ್ನ ಒಂದೇ ಪ್ರಶ್ನೆ ಕೇಳಿ, ನಿಮ್ಮ ಟ್ರಯಲ್ ರಿಜಿಸ್ಟ್ರೇಷನ್ ನಂಬರ್ ಏನು ಅಂತ, ದೇಶದ ಟ್ರಯಲ್ ನೋಂದಣಿ ನಡೆಸೋ ಸಿಟಿಆರ್‌ಐ ವೆಬ್‌ಸೈಟಲ್ಲಿ ಯಾರು ಬೇಕಾದ್ರೂ ನೋಡಬಹುದು. ನಂಬರ್ ಕೊಟ್ರೆ ನೋಡೋಣ, ಮಾತು ತಿರುಗಿಸಿದ್ರೆ ಎದ್ದು ಬನ್ನಿ.

ಅನುಭವ ಅಂದ್ರಲ್ಲ, ಅಲ್ಲಿ ಕಲಿಯೋ ಕೆಲಸ ಮುಂದೆ ಒಳ್ಳೆ ಕಂಪನೀಲಿ ಹೇಳ್ಕೊಳ್ಳೋಕೂ ಆಗಲ್ಲ. ಈ ಕ್ಷೇತ್ರ ಇಷ್ಟು ಕಟ್ಟುನಿಟ್ಟು ಯಾಕೆ ಅಂತ ಗೊತ್ತಿರ್ಲಿ ನಿಮಗೆ, 1999ರಲ್ಲಿ ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯ ಜೀನ್ ಥೆರಪಿ ಟ್ರಯಲ್ಲಲ್ಲಿ ಜೆಸ್ಸಿ ಗೆಲ್ಸಿಂಗರ್ ಅನ್ನೋ 18 ವರ್ಷದ ಹುಡುಗ ತೀರಿಕೊಂಡ, ವೆಕ್ಟರ್‌ಗೆ ಅವನ ದೇಹ ತೋರಿಸಿದ ಪ್ರತಿಕ್ರಿಯೆಯಿಂದ, ಅದಾದ್ಮೇಲೆ ಇಡೀ ಕ್ಷೇತ್ರ ವರ್ಷಗಟ್ಟಲೆ ತಲೆ ಎತ್ತಲಿಲ್ಲ. ಅದೇ ಯೂನಿವರ್ಸಿಟಿಯಲ್ಲಿ ಬೆಳೆದ ಕಾರ್-ಟಿಗೆ 2017ರಲ್ಲಿ ಮೊದಲ ಒಪ್ಪಿಗೆ ಸಿಕ್ತು, ನಡುವೆ 18 ವರ್ಷ. ಈಗಲೂ 2024ರ ಜನವರಿಯಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಾರ್-ಟಿ ಔಷಧಿಗಳ ಮೇಲೆ ಎಚ್ಚರಿಕೆ ಹಾಕಿಸ್ತು, ಅಪರೂಪಕ್ಕೆ ಚಿಕಿತ್ಸೆ ಪಡೆದವರಲ್ಲಿ ಟಿ ಸೆಲ್ ಕ್ಯಾನ್ಸರ್ ಕಾಣಿಸ್ಕೊಂಡಿದೆ ಅಂತ. ಇಷ್ಟೆಲ್ಲಾ ಲೆಕ್ಕ ಇಟ್ಟು ಮಾಡೋ ಕೆಲಸವನ್ನ ಒಂದು ಫ್ರಿಜ್ಜು ಒಂದು ಸೆಂಟ್ರಿಫ್ಯೂಜು ಇಟ್ಕೊಂಡು, ಮಕ್ಕಳ ಚಿಂತೇಲಿ ಒಡವೆ ಅಡ ಇಟ್ಟು ಬರೋ ಅಪ್ಪ ಅಮ್ಮಂದಿರ ಹತ್ರ ಲಕ್ಷಗಟ್ಟಲೆ ತಗೊಂಡು ಮಾಡೋದು… ಇನ್ನು ಬರೆದ್ರೆ ಸಂಪಾದಕರು ಕತ್ತರಿಸ್ತಾರೆ.

ಎಂಬಿಬಿಎಸ್ ಇಂಟರ್ನ್. ನಮ್ಮಂಥವರಿಗೆ ದಾರಿ ಯಾವುದು? (ಕಲಬುರಗಿ)

ಎರಡು ದಾರಿ ಡಾಕ್ಟ್ರೇ. ರೋಗಿಗೆ ಕೊಡೋ ಕಡೆ ಇರ್ಬೇಕು ಅಂದ್ರೆ ಎಂಡಿ ಮೆಡಿಸಿನ್ ಅಥವಾ ಪೀಡಿಯಾಟ್ರಿಕ್ಸ್, ಆಮೇಲೆ ಡಿಎಂ ಕ್ಲಿನಿಕಲ್ ಹೆಮಟಾಲಜಿ ಅಥವಾ ಮೆಡಿಕಲ್ ಆಂಕಾಲಜಿ, ಉದ್ದದ ದಾರಿ. ಇನ್ನೊಂದನ್ನ ಯಾರೂ ಹೇಳಲ್ಲ, ಎಂಡಿ ಟ್ರಾನ್ಸ್‌ಫ್ಯೂಷನ್ ಮೆಡಿಸಿನ್. ಬ್ಲಡ್ ಬ್ಯಾಂಕ್ ಅಂತ ಮೂಗು ಮುರೀತಾರೆ, ಆದ್ರೆ ಕಾರ್-ಟಿಗೆ ಮೊದಲ ಹೆಜ್ಜೆ ಆ ಅಫೆರೆಸಿಸ್ ಮಷಿನ್, ಅದು ಅವರ ಕೈಲಿ. ಕೀಮೋ ತಗೊಂಡು ತಗೊಂಡು ಸುಸ್ತಾಗಿರೋ ರೋಗಿಯಿಂದ ಒಳ್ಳೆ ಟಿ ಸೆಲ್ ತೆಗೆಯೋದು ಸುಲಭ ಇಲ್ಲ, ಅದು ಸರಿ ಬರ್ಲಿಲ್ಲ ಅಂದ್ರೆ ಫ್ಯಾಕ್ಟರೀಲಿ ಎಂಥ ಪಂಡಿತ ಇದ್ರೂ ಪ್ರಯೋಜನ ಇಲ್ಲ. ಸೀಟಿಗೆ ಗಲಾಟೆನೂ ಕಡಿಮೆ.

ಪಿಎಚ್‌ಡಿ ಮಾಡ್ಲೇಬೇಕಾ? ಸ್ಟೈಪೆಂಡಲ್ಲಿ ಬದುಕಬಹುದಾ? (ಶಿರಸಿ)

ಹೊಸ ಚಿಕಿತ್ಸೆ ಕಂಡುಹಿಡೀಬೇಕು ಅಂದ್ರೆ ಮಾಡ್ಲೇಬೇಕು, ತಯಾರಿಕೆ, ಕ್ವಾಲಿಟಿ, ಕ್ಲಿನಿಕಲ್ ಟ್ರಯಲ್ ಕಡೆಗೆ ಬೇಕಿಲ್ಲ. ನೆಟ್ ಜೆಆರ್‌ಎಫ್ ಆದ್ರೆ 2023ರಿಂದ ತಿಂಗಳಿಗೆ 37,000, ಮೇಲೆ ಮನೆ ಬಾಡಿಗೆ ಭತ್ಯೆ, ಒಬ್ಬರ ಊಟ ತಿಂಡಿಗೆ ಸಾಕು, ಮನೆಗೆ ಕಳಿಸ್ಬೇಕು ಅಂದ್ರೆ ಕಷ್ಟ, ದುಡ್ಡು ಬರೋದು ತಡ ಆಗೋದೂ ಉಂಟು. ಲ್ಯಾಬ್ ಆರಿಸುವಾಗ ಬೆಂಗಳೂರು ಮಾತ್ರ ನೋಡ್ಬೇಡಿ. ದೆಹಲಿಯ ಐಜಿಐಬಿ ಸಂಶೋಧನಾ ಸಂಸ್ಥೆಯವರು ಸಿಕಲ್ ಸೆಲ್ ಕಾಯಿಲೆಗೆ (ಕೆಂಪು ರಕ್ತಕಣ ಕುಡುಗೋಲಿನಂತಾಗೋ ಆನುವಂಶಿಕ ರೋಗ) ಕ್ರಿಸ್ಪರ್ ಅನ್ನೋ ಜೀನ್ ಎಡಿಟಿಂಗ್ ತಂತ್ರದ ಚಿಕಿತ್ಸೆ ಮೇಲೆ ವರ್ಷಗಳಿಂದ ಕೂತಿದಾರೆ, 2025ರ ನವೆಂಬರಲ್ಲಿ ಅದಕ್ಕೆ ಬಿರ್ಸಾ 101 ಅಂತ ಹೆಸರಿಟ್ರು. ಹೊರದೇಶದಲ್ಲಿ ಇದೇ ಕಾಯಿಲೆಯ ಕ್ಯಾಸ್ಜೆವಿ ಅನ್ನೋ ಕ್ರಿಸ್ಪರ್ ಔಷಧಿಗೆ 22 ಲಕ್ಷ ಡಾಲರ್. ನಮ್ಮ ಚಾಮರಾಜನಗರ, ಕೊಡಗಿನ ಹಾಡಿಗಳಲ್ಲಿ ಸಿಕಲ್ ಸೆಲ್ ಇದೆ, ಆ ಮನೆಗಳಿಗೆ 22 ಲಕ್ಷ ಡಾಲರಿನ ಔಷಧಿ ಇದ್ರೂ ಒಂದೇ ಇಲ್ದಿದ್ರೂ ಒಂದೇ. ಬೆಲೆ ಇಳಿಸೋದೇ ಪಿಎಚ್‌ಡಿ ವಿಷಯ ಆಗಬಹುದು, ನೆಕ್ಸ್‌ಕಾರ್19 ಅದನ್ನೇ ಮಾಡಿದ್ದು, ಅಮೆರಿಕದಲ್ಲಿ 4.75 ಲಕ್ಷ ಡಾಲರ್ ಬೆಲೆಯಲ್ಲಿ ಬಂದ ಥರದ ಚಿಕಿತ್ಸೆಯನ್ನ ಸುಮಾರು ಹತ್ತನೇ ಒಂದು ಭಾಗಕ್ಕೆ ತಂದ್ರು, ವೆಕ್ಟರ್‌ನ ಇಲ್ಲೇ ತಯಾರಿಸಿದ್ದು ಅದಕ್ಕೆ ದೊಡ್ಡ ಕಾರಣ.

ಸೆಲ್ ಥೆರಪಿ ಕಂಪನೀಲಿ ಟ್ರೈನಿ ಆಗಿ ಸೆಲೆಕ್ಟ್ ಆಗಿದೀನಿ, ಕ್ಲೀನ್‌ರೂಮ್ ಕೆಲಸ. ನನಗೆ ಧೂಳಿನ ಅಲರ್ಜಿ, ಬೆಳಗ್ಗೆ ಎದ್ರೆ ಸೀನು. ಹೇಳಿದ್ರೆ ಕೆಲಸ ಹೋಗುತ್ತಾ ಅಂತ ಭಯ. (ಹುಬ್ಬಳ್ಳಿ)

ಧೂಳಿನ ಅಲರ್ಜಿ ಇರೋರಿಗೆ ಕ್ಲೀನ್‌ರೂಮಿನಷ್ಟು ಸುಖದ ಜಾಗ ಇನ್ನೊಂದಿಲ್ಲ ಕಣ್ರೀ, ಒಳಗೆ ಬರೋ ಗಾಳಿ ಎಲ್ಲಾ ಹೆಪಾ ಫಿಲ್ಟರ್ ದಾಟಿ ಬರೋದು. ತೊಂದರೆ ಏನಿದ್ರೂ ಶೀತ ಆದ ದಿನ ಒಳಗೆ ಹೋಗೋದು, ಇಲ್ಲಾ ಚರ್ಮ ಉದುರೋ ಕಾಯಿಲೆ ಇರೋದು, ಯಾಕಂದ್ರೆ ಆ ರೂಮಲ್ಲಿ ಕೊಳೆಗೆ ಅತಿ ದೊಡ್ಡ ಮೂಲ ಮನುಷ್ಯನ ಮೈಯೇ, ಅದಕ್ಕೆ ಪೌಡರ್, ನೈಲ್ ಪಾಲಿಶ್, ಉಂಗುರ, ಬಳೆ ಒಂದೂ ಇಲ್ಲದೆ ಕಣ್ಣು ಕೂಡ ಕನ್ನಡಕದೊಳಗೆ ಮುಚ್ಚೋ ಥರ ಗೌನ್ ಹಾಕಿಸೋದು. ಮೆಡಿಕಲ್ ಟೆಸ್ಟ್ ದಿನ ಡಾಕ್ಟ್ರಿಗೆ ಸೀನಿನ ವಿಷಯ ಬಾಯ್ಬಿಟ್ಟು ಹೇಳಿ, ಜಾಸ್ತಿ ಅಂದ್ರೆ ಸೀನು ಬಂದ ದಿನ ಹೊರಗಿನ ಲ್ಯಾಬಲ್ಲಿ ಕೂರಿಸ್ತಾರೆ. ಮುಚ್ಚಿಟ್ಟು ಒಳಗೆ ಹೋಗಿ, ಗೌನ್ ಹಾಕ್ಕೊಂಡು ಅರ್ಧ ಗಂಟೆ ಆದ್ಮೇಲೆ, ಬೇರೆಯವರ ಸೆಲ್ ಇರೋ ಹುಡ್ಡಿನ ಮುಂದೆ ಸೀನು ಬಂದ್ರೆ ಮೂಗು ಮುಟ್ಟೋಕೂ ಆಗಲ್ಲ, ಪೂರ್ತಿ ಹೊರಗೆ ಬಂದು ಮತ್ತೆ ಮೊದಲಿಂದ ಗೌನ್ ಹಾಕ್ಬೇಕು.